ಬತ್ತಿದ ಬಾಯಿಗೆ ಮಾತ್ರೆ: ಯಾರಿಗೆ, ಯಾವಾಗ, ಎಷ್ಟು?

ಬಾಯಿ ಒಣಗುತ್ತದೆ ಎಂದು ಹೇಳಿಕೊಂಡು ಬಂದವರಿಗೆ ನಮ್ಮಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ನೀರು ಜಾಸ್ತಿ ಕುಡಿಯಿರಿ. ತಿಂಗಳುಗಟ್ಟಲೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ರಾತ್ರಿ ಮೂರು ನಾಲ್ಕು ಸಲ ಎದ್ದು ನೀರಿನ ಚೊಂಬು ಹುಡುಕುವವರಿಗೆ ಈ ಉತ್ತರ ಸಾಲದು. ಹಾಗೆಂದು, ಜೊಲ್ಲು ಊರಿಸುವ ಮಾತ್ರೆಯೊಂದು ಇದೆಯಂತೆ ಎಂದು ಯಾರಿಂದಲೋ ಕೇಳಿ ಅದನ್ನೇ ತರಿಸಿಕೊಂಡು ನುಂಗುವುದೂ ಸರಿಯಲ್ಲ. ಅಂಥ ಮಾತ್ರೆ ಇರುವುದು ನಿಜ. ಪೈಲೋಕಾರ್ಪಿನ್ ಮತ್ತು ಸೆವಿಮೆಲಿನ್ ಎಂಬ ಎರಡು ಔಷಧಗಳನ್ನು ಇದಕ್ಕೆಂದೇ ವೈದ್ಯರು ಬರೆಯುತ್ತಾರೆ, ಅವುಗಳಿಂದ ಅನುಕೂಲ ಕಂಡವರೂ ಸಾಕಷ್ಟಿದ್ದಾರೆ. ಆದರೆ ಈ ಮಾತ್ರೆ ಉಪಕಾರ ಮಾಡುತ್ತದೋ ಅಪಾಯ ತರುತ್ತದೋ ಎಂಬುದು ಚೀಟಿ ಬರೆಯುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಬಾಯಿಯನ್ನು ಒಣಗಿಸುತ್ತಿರುವುದು ರೋಗಿ ಈಗಾಗಲೇ ನುಂಗುತ್ತಿರುವ ಇನ್ನೊಂದು ಮಾತ್ರೆಯೇ? ಜೊಲ್ಲಿನ ಗ್ರಂಥಿಗಳಲ್ಲಿ ಕೆಲಸ ಮಾಡುವ ಶಕ್ತಿ ಇನ್ನೂ ಉಳಿದಿದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಮೂರನೆಯ ಪ್ರಶ್ನೆಗೆ, ಅಂದರೆ ಮಾತ್ರೆ ಕೊಡಬೇಕೇ ಎಂಬುದಕ್ಕೆ, ಕೈ ಹಾಕಬಾರದು ಎಂಬುದು ಈ ಲೇಖನದ ವಾದ.

ಮೊದಲು, ಇದೇನು ಅಷ್ಟು ದೊಡ್ಡ ಕಾಯಿಲೆಯೇ ಎಂಬ ಆಕ್ಷೇಪ. ಕ್ಯಾನ್ಸರ್ ಗೆದ್ದು ಬಂದವರ ಬಾಯಲ್ಲಿ ಒಂದಿಷ್ಟು ಪಸೆ ಕಡಿಮೆಯಾದರೆ ಏನಾಯಿತು, ಜೀವ ಉಳಿಯಿತಲ್ಲ ಎಂಬ ಮಾತು ಆಸ್ಪತ್ರೆಯ ವರಾಂಡಗಳಲ್ಲಿ ಕೇಳಿಬರುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಅದರಲ್ಲಿ ನೀರೇ ಹೆಚ್ಚು, ಆದರೆ ಕೆಲಸ ಮಾಡುವುದು ಉಳಿದ ಸಣ್ಣ ಪಾಲು. ಲೋಳೆಯ ಅಂಶ ತುತ್ತನ್ನು ಜಾರಿಸುತ್ತದೆ, ಬೈಕಾರ್ಬನೇಟು ಹುಳಿಯನ್ನು ತಣಿಸುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಹಲ್ಲಿನ ಎನಾಮಲ್ ಸವೆದಂತೆಲ್ಲ ಅದನ್ನು ತುಂಬುತ್ತವೆ, ಕೆಲವು ಪ್ರೋಟೀನುಗಳು ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುತ್ತವೆ. ನೀರು ಕುಡಿದರೆ ಇವುಗಳಲ್ಲಿ ಒಂದೂ ಬರುವುದಿಲ್ಲ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಹುಳುಕಾಗುವ ರೀತಿಯೇ ಬೇರೆ. ಸಾಮಾನ್ಯವಾಗಿ ಹುಳುಕು ಹಿಡಿಯದ ಜಾಗಗಳಲ್ಲಿ, ವಸಡಿನ ಅಂಚಿನಲ್ಲಿ, ಬೇರಿನ ಮೇಲೆ, ಮುಂಭಾಗದ ಕೆಳಹಲ್ಲುಗಳಲ್ಲಿ ಅದು ಶುರುವಾಗಿ, ಕೆಲವೇ ತಿಂಗಳಲ್ಲಿ ಹಲ್ಲು ಬುಡದಲ್ಲೇ ಮುರಿಯಬಹುದು. ಕಟ್ಟಿಸಿದ ಹಲ್ಲಿನ ಸೆಟ್ ಕೂರುವುದಿಲ್ಲ, ಏಕೆಂದರೆ ಅದನ್ನು ಅಂಗುಳಕ್ಕೆ ಹಿಡಿದಿಡುವುದೇ ಜೊಲ್ಲಿನ ತೆಳುಪದರ. ಖಡಕ್ ಜೋಳದ ರೊಟ್ಟಿಯಾಗಲಿ, ಅವಲಕ್ಕಿಯಾಗಲಿ ಗಂಟಲಲ್ಲಿ ಇಳಿಯದೆ ಊಟವೆಲ್ಲ ಗಂಜಿ ಮಜ್ಜಿಗೆಗೆ ಬಂದು ನಿಲ್ಲುತ್ತದೆ. ಇದನ್ನು ಸಣ್ಣದೆನ್ನುವವರು ಒಣಬಾಯಲ್ಲಿ ಒಂದು ಹೊತ್ತಿನ ಊಟ ಮಾಡಿದವರಲ್ಲ.

ಈಗ ಮೊದಲ ಪ್ರಶ್ನೆ. ದೀರ್ಘಕಾಲದ ಬಾಯಿ ಒಣಗುವಿಕೆಗೆ, ಅದರಲ್ಲೂ ಅರುವತ್ತು ದಾಟಿದವರಲ್ಲಿ, ಅತಿ ಸಾಮಾನ್ಯ ಕಾರಣ ಔಷಧಗಳೇ. ಈ ಅಡ್ಡಪರಿಣಾಮ ಇರುವ ಔಷಧಗಳ ಪಟ್ಟಿ ನೂರಾರರಷ್ಟು ಉದ್ದವಾಗಿದೆ. ತಲೆನೋವಿಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಮಾನಸಿಕ ಕಾಯಿಲೆಯ ಮಾತ್ರೆಗಳ ಜತೆ ಕೈನಡುಕಕ್ಕೆಂದು ಸೇರಿಸುವ ಟ್ರೈಹೆಕ್ಸಿಫೆನಿಡಿಲ್, ನೆಗಡಿ ಕೆಮ್ಮಿನ ಮಾತ್ರೆ ಸಿರಪ್ಪುಗಳಲ್ಲಿರುವ ಕ್ಲೋರ್‌ಫೆನಿರಮಿನ್, ಬಿ.ಪಿ.ಗೆ ಕೊಡುವ ಕ್ಲೋನಿಡಿನ್, ಮೂತ್ರ ಹೆಚ್ಚಿಸುವ ಮಾತ್ರೆಗಳು, ತೀವ್ರ ನೋವಿನ ಮಾರ್ಫಿನ್, ಎಲ್ಲವೂ ಅದರಲ್ಲಿ ಬರುತ್ತವೆ. ಇವುಗಳಲ್ಲಿ ಹಲವು ಅಸಿಟೈಲ್‌ಕೋಲಿನ್ ಎಂಬ ನರಸಂದೇಶವನ್ನು ಗ್ರಂಥಿಗೆ ಮುಟ್ಟದಂತೆ ತಡೆಯುತ್ತವೆ. ಉಮ್ಮತ್ತಿ ಬೀಜ ತಿಂದವರ ಬಾಯಿ ಒಣಗಿ ಕಣ್ಣಿನ ಪಾಪೆ ಅಗಲವಾಗುವುದು ಇದೇ ತಡೆಯಿಂದ. ಪೈಲೋಕಾರ್ಪಿನ್ ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ, ಅದೇ ಸಂದೇಶವನ್ನು ತಾನೇ ಗ್ರಂಥಿಗೆ ಮುಟ್ಟಿಸುವುದು. ಹಾಗಾಗಿ ಬೆಳಿಗ್ಗೆ ಒಂದು ಮಾತ್ರೆಯಿಂದ ಬಾಗಿಲು ಮುಚ್ಚಿಸಿ, ಮಧ್ಯಾಹ್ನ ಇನ್ನೊಂದರಿಂದ ಅದೇ ಬಾಗಿಲು ತೆಗೆಸುವ ಚಿಕಿತ್ಸೆಗೆ ಅರ್ಥವಿಲ್ಲ. ಒಂದರ ಫಲವನ್ನು ಇನ್ನೊಂದು ಕೆಡಿಸುತ್ತದೆ, ಅಡ್ಡಪರಿಣಾಮ ಮಾತ್ರ ಎರಡರದ್ದೂ ರೋಗಿಯ ಪಾಲಿಗೆ. ಬೇರೆ ಬೇರೆ ವೈದ್ಯರು ಬೇರೆ ಬೇರೆ ಚೀಟಿ ಬರೆಯುವ, ಹಳೆಯ ಚೀಟಿಯ ಮಾತ್ರೆಯನ್ನು ಅಂಗಡಿಯವರು ವರ್ಷಗಟ್ಟಲೆ ಕೊಡುತ್ತಲೇ ಹೋಗುವ ನಮ್ಮ ವ್ಯವಸ್ಥೆಯಲ್ಲಿ ಈ ಪೇಚು ಅಪರೂಪವೇನಲ್ಲ.

ಇಲ್ಲಿ ತೂಕವುಳ್ಳ ಒಂದು ಆಕ್ಷೇಪವಿದೆ. ಬಾಯಿ ಒಣಗಿತೆಂದು ಖಿನ್ನತೆಯ ಮಾತ್ರೆಯನ್ನೋ ಸ್ಕಿಜೋಫ್ರೇನಿಯಾದ ಮಾತ್ರೆಯನ್ನೋ ನಿಲ್ಲಿಸಲಾದೀತೇ? ಖಂಡಿತ ಆಗದು, ರೋಗಿ ತಾನಾಗಿ ನಿಲ್ಲಿಸುವುದಂತೂ ಕೂಡದೇ ಕೂಡದು. ಕ್ಲೋನಿಡಿನ್‌ನಂಥ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಜಿಗಿಯುತ್ತದೆ. ಆದರೆ ನಿಲ್ಲಿಸುವುದಕ್ಕೂ ಏನೂ ಮಾಡದಿರುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ಅದೇ ಗುಂಪಿನಲ್ಲಿ ಬಾಯನ್ನು ಅಷ್ಟಾಗಿ ಒಣಗಿಸದ ಔಷಧ ಇರಬಹುದು. ಪ್ರಮಾಣ ಇಳಿಸಬಹುದು. ರಾತ್ರಿ ಮಲಗಿದಾಗ ಜೊಲ್ಲು ತಾನಾಗಿಯೇ ಬಹುತೇಕ ನಿಲ್ಲುವುದರಿಂದ, ಮಲಗುವಾಗ ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಹೊತ್ತನ್ನು ಬದಲಿಸಬಹುದು. ಬೇಕಿಲ್ಲದೆ ಮುಂದುವರಿದುಬಂದ ಅಲರ್ಜಿ ಮಾತ್ರೆಯನ್ನು ಕೈಬಿಡಬಹುದು. ಇವೆಲ್ಲ ಆ ಔಷಧ ಬರೆದ ವೈದ್ಯರೇ ಮಾಡಬೇಕಾದ ನಿರ್ಧಾರಗಳು. ಹೊಸ ಮಾತ್ರೆ ಸೇರಿಸುವ ಮೊದಲು ಹಳೆಯದನ್ನು ಕಳೆಯಲು ಸಾಧ್ಯವೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ, ಬೇಕಾಗಿರುವುದು ಹತ್ತು ನಿಮಿಷದ ವ್ಯವಧಾನ.

ಎರಡನೆಯ ಪ್ರಶ್ನೆ ಗ್ರಂಥಿಗಳದ್ದು. ಕೆನ್ನೆಯಲ್ಲಿ ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳೂ, ತುಟಿ ಅಂಗುಳಗಳ ತುಂಬ ನೂರಾರು ಕಿರುಗ್ರಂಥಿಗಳೂ ನಮಗಿವೆ. ಬಾಯಿ ಒಣಗಿದಂತೆ ಅನ್ನಿಸುವುದೂ ಜೊಲ್ಲು ನಿಜಕ್ಕೂ ಕಡಿಮೆಯಾಗಿರುವುದೂ ಒಂದೇ ಅಲ್ಲ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಆತಂಕದಲ್ಲಿರುವವರಿಗೆ ಬಾಯಿ ಒಣಗುತ್ತದೆ, ಅವರ ಗ್ರಂಥಿ ಮಾತ್ರ ಗಟ್ಟಿಯಾಗಿಯೇ ಇರಬಹುದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಎಷ್ಟು ಸರಳವೆಂದರೆ ಅದನ್ನು ಮಾಡದಿರಲು ನೆಪವೇ ಸಿಗುವುದಿಲ್ಲ. ಏನೂ ತಿನ್ನದೆ ಕುಡಿಯದೆ ಬಂದ ರೋಗಿಯನ್ನು ಸುಮ್ಮನೆ ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ, ಹದಿನೈದು ನಿಮಿಷ ಬಾಯಲ್ಲಿ ಕೂಡಿದ ಜೊಲ್ಲನ್ನು ಗೆರೆ ಹಾಕಿದ ಕೊಳವೆಯೊಳಕ್ಕೆ ಉಗುಳಿಸುವುದು. ಒಂದೂವರೆ ಮಿಲಿಲೀಟರಿಗಿಂತ ಕಡಿಮೆ ಬಂದರೆ, ಅಂದರೆ ನಿಮಿಷಕ್ಕೆ 0.1 ಮಿಲಿಲೀಟರ್ ಕೂಡ ಊರದಿದ್ದರೆ, ಕೊರತೆ ನಿಜವಾದದ್ದು. ಆಮೇಲೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮನ್ನೋ ಮೇಣದ ಚೂರನ್ನೋ ಅಗಿಸಿ ಮತ್ತೊಮ್ಮೆ ಅಳೆದರೆ ಗ್ರಂಥಿಯಲ್ಲಿ ಉಳಿದ ಶಕ್ತಿ ಎಷ್ಟೆಂಬ ಅಂದಾಜೂ ಸಿಗುತ್ತದೆ. ಈ ಎರಡನೆಯ ಅಳತೆಯೇ ಮುಖ್ಯ. ಅಗಿದಾಗ ಜೊಲ್ಲು ಹೆಚ್ಚಿದರೆ ಪ್ರಚೋದನೆಗೆ ಗ್ರಂಥಿ ಓಗೊಡುತ್ತಿದೆ ಎಂದರ್ಥ, ಮಾತ್ರೆಯಿಂದ ಫಲ ನಿರೀಕ್ಷಿಸಬಹುದು. ಅಗಿದರೂ ಹೆಚ್ಚದಿದ್ದರೆ, ಬತ್ತಿದ ಬೋರ್‌ವೆಲ್ಲಿಗೆ ಎಷ್ಟು ಎಚ್.ಪಿ. ಮೋಟಾರು ಇಳಿಸಿದರೂ ಬರುವುದು ಗಾಳಿಯೇ.

ಗ್ರಂಥಿಯೇ ಹಾಳಾಗುವ ಕಾರಣಗಳಲ್ಲಿ ಎರಡು ಮುಖ್ಯ. ಒಂದು, ಜನ 'ಕರೆಂಟ್ ಕೊಡಿಸುವುದು' ಎನ್ನುವ ವಿಕಿರಣ ಚಿಕಿತ್ಸೆ. ತಂಬಾಕು, ಗುಟ್ಕಾಗಳ ದೆಸೆಯಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಬಹಳ. ಆರೇಳು ವಾರ ನಡೆಯುವ ಈ ಚಿಕಿತ್ಸೆಯಲ್ಲಿ ಕಿರಣದ ದಾರಿಗೆ ಅಡ್ಡ ಬರುವ ಗ್ರಂಥಿಗಳು ಮೊದಲ ವಾರದಲ್ಲೇ ಸೊರಗತೊಡಗುತ್ತವೆ. ಇನ್ನೊಂದು, ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುವ ಶೋಗ್ರೆನ್ ಕಾಯಿಲೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರಿಸಿದರು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ನಡುವಯಸ್ಸಿನವರು. ಕಣ್ಣುರಿ, ಕೀಲುನೋವು, ಸುಸ್ತು, ಒಣಬಾಯಿ ಎಂದು ಬರುವ ಇವರ ದೂರನ್ನು 'ವಯಸ್ಸಾಯಿತು' ಎಂದೋ 'ಟೆನ್ಶನ್' ಎಂದೋ ತಳ್ಳಿಹಾಕುವ ರೂಢಿ ಇದೆ. ರಕ್ತದಲ್ಲಿ ಒಂದು ಪ್ರತಿಕಾಯದ ಪರೀಕ್ಷೆ, ಕಣ್ಣಿನ ಅಂಚಿಗೆ ಕಾಗದದ ಪಟ್ಟಿ ಇಟ್ಟು ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ನೋಡುವ ಪರೀಕ್ಷೆ, ಬೇಕಾದರೆ ಒಳತುಟಿಯಿಂದ ಒಂದು ಚೂರು ತೆಗೆದು ನೋಡುವುದು, ಇಷ್ಟರಿಂದ ಕಾಯಿಲೆ ಗೊತ್ತಾಗುತ್ತದೆ. ಮಾತ್ರೆಗೆ ಅನುಮತಿ ಇರುವುದೂ, ಸಾಕ್ಷ್ಯ ಇರುವುದೂ ಮುಖ್ಯವಾಗಿ ಈ ಎರಡು ಗುಂಪಿನವರಿಗೇ.

ಆ ಸಾಕ್ಷ್ಯ ಏನು ಹೇಳುತ್ತದೆ? ಪೈಲೋಕಾರ್ಪಿನ್ ಹೊಸದೇನಲ್ಲ. ಬ್ರೆಜಿಲ್ಲಿನ ಜಬೊರಾಂಡಿ ಗಿಡದ ಎಲೆ ಅಗಿದರೆ ಜೊಲ್ಲೂ ಬೆವರೂ ಹರಿಯುವುದು ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು. 1875ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡುಗಳಲ್ಲಿ ಪ್ರತ್ಯೇಕವಾಗಿ ಅದರ ಸಾರವನ್ನು ಬೇರ್ಪಡಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಮುಖ್ಯವಾಗಿ ಕಣ್ಣಿನ ಗ್ಲಾಕೋಮಾದ ಹನಿಯಾಗಿತ್ತು. ಅಮೆರಿಕದಲ್ಲಿ ಒಣಬಾಯಿಗೆ ಮಾತ್ರೆಯಾಗಿ ಅನುಮತಿ ಸಿಕ್ಕಿದ್ದು 1994ರಲ್ಲಿ, ವಿಕಿರಣ ಪಡೆದವರಿಗೆ. ನಾಲ್ಕು ವರ್ಷದ ನಂತರ ಶೋಗ್ರೆನ್ ರೋಗಿಗಳಿಗೂ. ಸೆವಿಮೆಲಿನ್ 2000ದಲ್ಲಿ ಶೋಗ್ರೆನ್ ಕಾಯಿಲೆಗೆಂದು ಬಂತು. ವಿಕಿರಣ ಪಡೆದ 207 ಮಂದಿಯ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ದಿನಕ್ಕೆ ಮೂರು ಸಲ 5 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ 44 ಮಂದಿಗೆ ಬಾಯಿ ಒಣಗುವುದು ಕಡಿಮೆಯಾಯಿತು. ಔಷಧವೇ ಇಲ್ಲದ ತೋರಿಕೆಯ ಮಾತ್ರೆ ನುಂಗಿದವರಲ್ಲಿ ಇದು ನೂರಕ್ಕೆ 25. ಇದೇ ಪ್ರಯೋಗದ ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅಡ್ಡಪರಿಣಾಮ ತಾಳಲಾರದೆ ಪ್ರಯೋಗ ಬಿಟ್ಟವರು 5 ಮಿ.ಗ್ರಾಂ. ಗುಂಪಿನಲ್ಲಿ ನೂರಕ್ಕೆ 6, 10 ಮಿ.ಗ್ರಾಂ. ಗುಂಪಿನಲ್ಲಿ ನೂರಕ್ಕೆ 29. ಪ್ರಮಾಣ ಇಮ್ಮಡಿಯಾದಾಗ ಕಷ್ಟ ಸುಮಾರು ಐದು ಪಟ್ಟಾಯಿತು. ಸುರಕ್ಷತೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇದನ್ನೇ ಹಿಡಿದು, ಅರ್ಧದಷ್ಟು ಜನಕ್ಕೂ ನಾಟದ, ಮೈಯೆಲ್ಲ ಬೆವರಿಳಿಸುವ ಮಾತ್ರೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ವಿಕಿರಣ ಪಡೆದವರ ಪ್ರಯೋಗಗಳನ್ನು ಒಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯೂ ಫಲ ಕಂಡವರು ಸುಮಾರು ಅರ್ಧದಷ್ಟೆಂದೂ, ಅಡ್ಡಪರಿಣಾಮ ಹೆಚ್ಚೆಂದೂ, ಸಾಕ್ಷ್ಯ ಸೀಮಿತವೆಂದೂ ಹೇಳಿತು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪರ್ಯಾಯಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಬಾಯಿಗೆ ಹಚ್ಚುವ ಜೆಲ್, ಸಿಂಪಡಿಸುವ ಕೃತಕ ಜೊಲ್ಲು ಮುಂತಾದವುಗಳನ್ನು 2011ರಲ್ಲಿ ಪರಿಶೀಲಿಸಿದಾಗ ಯಾವುದಕ್ಕೂ ಬಲವಾದ ಸಾಕ್ಷ್ಯ ಸಿಗಲಿಲ್ಲ. ಅವು ನಿರಪಾಯಕಾರಿ, ಕೆಲಹೊತ್ತು ಹಿತ ಕೊಡುತ್ತವೆ, ಮೊದಲು ಅವನ್ನೇ ಬಳಸಿ ನೋಡುವುದು ನ್ಯಾಯ. ಅವುಗಳಿಂದ ಸಾಲದವರಿಗೆ ಗ್ರಂಥಿಯ ಸ್ವಂತ ಜೊಲ್ಲನ್ನು ತರಿಸಬಲ್ಲವು ಈ ಮಾತ್ರೆಗಳು. ಅರ್ಧ ಮಂದಿಗೆ ಫಲವಿಲ್ಲ ಎಂಬುದರಿಂದ ಹೊರಡುವ ತೀರ್ಮಾನ ಮಾತ್ರೆ ಬೇಡವೆಂಬುದಲ್ಲ, ಅವಧಿ ಗೊತ್ತುಮಾಡಿ ಕೊಡಿ ಎಂಬುದು. ಫಲ ತಿಳಿಯಲು ಶೋಗ್ರೆನ್ ರೋಗಿಗಳಿಗೆ ಆರು ವಾರ, ವಿಕಿರಣ ಪಡೆದವರಿಗೆ ಹನ್ನೆರಡು ವಾರ ಬೇಕಾಗಬಹುದು. ಅಷ್ಟು ಕಾದು, ಜೊಲ್ಲನ್ನು ಮತ್ತೆ ಅಳೆದು, ರೋಗಿಯನ್ನು ಕೇಳಿ, ಅನುಕೂಲವಿಲ್ಲದಿದ್ದರೆ ನಿಲ್ಲಿಸಬೇಕು. ಫಲವಿಲ್ಲದ ಮಾತ್ರೆಯನ್ನು ಅಭ್ಯಾಸಬಲದಿಂದ ಮುಂದುವರಿಸುವುದು, ಫಲ ಕಾಣುವ ಮುನ್ನವೇ ಎರಡನೆಯ ವಾರದಲ್ಲಿ ಬಿಟ್ಟುಬಿಡುವುದು, ಎರಡೂ ನಷ್ಟವೇ.

ಕೊಡುವಾಗಿನ ಎಚ್ಚರಗಳೆಲ್ಲ ಒಂದೇ ತಿಳಿವಿನಿಂದ ಹುಟ್ಟುತ್ತವೆ. ಈ ಔಷಧಕ್ಕೆ ಜೊಲ್ಲಿನ ಗ್ರಂಥಿ ಯಾವುದು, ಉಳಿದ ಅಂಗ ಯಾವುದು ಎಂಬ ಭೇದ ತಿಳಿಯದು. ಅದೇ ಬಗೆಯ ನರಸಂದೇಶ ಬೆವರಿನ ಗ್ರಂಥಿ, ಶ್ವಾಸನಾಳ, ಹೃದಯ, ಕರುಳು, ಮೂತ್ರಕೋಶ, ಕಣ್ಣಿನ ಪಾಪೆಗಳಿಗೂ ಹೋಗುತ್ತದೆ. ಹತೋಟಿಯಲ್ಲಿಲ್ಲದ ಉಬ್ಬಸದವರಿಗೆ ಕೊಟ್ಟರೆ ಶ್ವಾಸನಾಳ ಬಿಗಿದು ಕಫ ಹೆಚ್ಚಬಹುದು, ಅವರಿಗೆ ಇದು ನಿಷಿದ್ಧ. ಕಣ್ಣಿನ ಐರಿಸ್ ಉರಿಯೂತದವರಿಗೂ, ಕಿರಿದಾದ ಕೋನದ ಗ್ಲಾಕೋಮಾ ಇರುವವರಿಗೂ ನಿಷಿದ್ಧ. ಅದೇ ಔಷಧದ ಹನಿ ಗ್ಲಾಕೋಮಾಕ್ಕೆ ಮದ್ದಾಗಿರುವುದರಿಂದ ಮಾತ್ರೆಯೂ ಕಣ್ಣಿಗೆ ಒಳ್ಳೆಯದಿರಬೇಕೆಂದು ಊಹಿಸುವುದು ಅಪಾಯ. ಹೃದಯದ ಕಾಯಿಲೆಯವರಲ್ಲಿ, ಅದರಲ್ಲೂ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ತಡೆಗಳನ್ನು ತೆಗೆದುಕೊಳ್ಳುವವರಲ್ಲಿ ಹೃದಯದ ಬಡಿತದ ವಹನಕ್ಕೆ ತೊಡಕಾಗಬಹುದು. ಪಿತ್ತಕೋಶದಲ್ಲಿ, ಮೂತ್ರಪಿಂಡದಲ್ಲಿ ಕಲ್ಲಿರುವವರಿಗೆ ನಾಳದ ಸ್ನಾಯು ಹಿಂಡಿ ನೋವು ಬರಬಹುದು. ಯಕೃತ್ತು ಸಾಕಷ್ಟು ಕೆಟ್ಟವರಿಗೆ ಪೈಲೋಕಾರ್ಪಿನ್ ದಿನಕ್ಕೆ ಎರಡು ಸಲಕ್ಕೆ ಇಳಿಯಬೇಕು, ತೀರಾ ಕೆಟ್ಟಿದ್ದರೆ ಬೇಡವೇ ಬೇಡ. ದೃಷ್ಟಿ ಮಂಜಾಗುವುದರಿಂದ ರಾತ್ರಿ ಹೊತ್ತು ಬೈಕು, ಕಾರು ಓಡಿಸುವಾಗ ಜೋಪಾನ. ಬೆವರು ಹೆಚ್ಚಾಗುವುದರಿಂದ, ಕಲಬುರಗಿ ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರಿಗೆ ಈ ಮಾತ್ರೆ ಕೊಡುವ ವೈದ್ಯರು ನೀರಿನ ಲೆಕ್ಕವನ್ನೂ ಹೇಳಿ ಕಳಿಸಬೇಕು. ವಿಕಿರಣ ಪಡೆದವರಿಗೆ 5 ಮಿ.ಗ್ರಾಂ. ಮೂರು ಹೊತ್ತು, ಶೋಗ್ರೆನ್‌ನವರಿಗೆ ನಾಲ್ಕು ಹೊತ್ತು ಎಂಬುದು ವಾಡಿಕೆಯ ಪ್ರಮಾಣ. ಒಮ್ಮೆಗೇ ಅಲ್ಲಿಗೆ ಹಾರದೆ ದಿನಕ್ಕೊಂದರಿಂದ ಮೆಲ್ಲಗೆ ಏರಿಸಿದರೆ ತಾಳಿಕೊಳ್ಳುವವರು ಹೆಚ್ಚು. ಪರಿಣಾಮ ಇಪ್ಪತ್ತು ನಿಮಿಷದಲ್ಲಿ ಶುರುವಾಗಿ ಮೂರರಿಂದ ಐದು ಗಂಟೆ ಇರುತ್ತದೆ.

ಕಣ್ಣಿನ ಹನಿಯ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಜೀವಕ್ಕೆ ನೇರ ಅಪಾಯ ಇರುವುದು ಇಲ್ಲಿ. ಮಾತ್ರೆ ಸಿಗದಾಗ ಅದೇ ಹೆಸರಿನ ಹನಿಯನ್ನು ನಾಲಿಗೆಗೆ ಹಾಕಿಕೊಳ್ಳುವ ಯೋಚನೆ ಬರುವುದು ಸಹಜ, ಕೊನೆಗಾಲದ ರೋಗಿಗಳ ಆರೈಕೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಹಾಗೆ ಕೊಡುವುದೂ ಉಂಟು. ಮನೆಯಲ್ಲಿ ಅದನ್ನು ಮಾಡಕೂಡದು. ಲೆಕ್ಕ ಹೀಗಿದೆ: ನೂರಕ್ಕೆ ಎರಡರ ದ್ರಾವಣದಲ್ಲಿ ಒಂದು ಮಿಲಿಲೀಟರಿಗೆ 20 ಮಿ.ಗ್ರಾಂ. ಔಷಧವಿರುತ್ತದೆ. ಹೆಬ್ಬೆರಳಿನಷ್ಟು ಉದ್ದದ 5 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 100 ಮಿ.ಗ್ರಾಂ., ಅಂದರೆ ಇಪ್ಪತ್ತು ಮಾತ್ರೆ. 100 ಮಿ.ಗ್ರಾಂ. ಪೈಲೋಕಾರ್ಪಿನ್ ಪ್ರಾಣಕ್ಕೆ ಎರವಾಗಬಲ್ಲ ಪ್ರಮಾಣವೆಂದು ಔಷಧದ ಅಧಿಕೃತ ಮಾಹಿತಿಯೇ ಎಚ್ಚರಿಸುತ್ತದೆ. ಪ್ರಮಾಣ ಮೀರಿದಾಗ ಕಾಣುವ ಜೊಲ್ಲು, ಬೆವರು, ಸೂಜಿಮೊನೆಯಂಥ ಪಾಪೆ, ಇಳಿದ ನಾಡಿ, ಉಸಿರಿನ ತೊಡಕು, ಇವು ನಮ್ಮ ತಾಲೂಕು ಆಸ್ಪತ್ರೆಗಳ ವೈದ್ಯರಿಗೆ ಕೀಟನಾಶಕ ಸೇವಿಸಿದವರಲ್ಲಿ ಕಂಡು ಚೆನ್ನಾಗಿ ಪರಿಚಿತ. ಮದ್ದೂ ಅದೇ, ಅಟ್ರೋಪಿನ್. ಅಂಥ ಸ್ಥಿತಿಯಲ್ಲಿ ರೋಗಿಯ ಜತೆ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರ ಚೀಟಿಯ ಗೊಡವೆ ಯಾಕೆ, ಎಲೆ ಅಡಿಕೆ ಹಾಕಿಕೊಂಡರೆ ಬಾಯಿ ತಾನೇ ತೇವವಾಗುತ್ತದಲ್ಲ ಎನ್ನುವವರಿಗೂ ಉತ್ತರ ಕೊಡಬೇಕು, ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು. ಅವರು ಹೇಳುವುದರಲ್ಲಿ ಅರ್ಧ ನಿಜ. ಅಡಿಕೆಯಲ್ಲಿರುವ ಅರೆಕೊಲಿನ್ ಪೈಲೋಕಾರ್ಪಿನ್ ಹೋಗುವ ದಾರಿಯಲ್ಲೇ ಹೋಗಿ ಜೊಲ್ಲು ತರಿಸುತ್ತದೆ, ಬೆವರನ್ನೂ ಹುಟ್ಟಿಸುತ್ತದೆ. ಉಳಿದರ್ಧ ಕಹಿಯಾದದ್ದು. ಅದೇ ಅಡಿಕೆ ಬಾಯಿಯ ಒಳಪದರವನ್ನು ನಾರುಗಟ್ಟಿಸಿ ಬಾಯಿ ತೆರೆಯಲಾಗದಂತೆ ಮಾಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬಾಯಿಯ ಕ್ಯಾನ್ಸರಿಗೆ ವಿಕಿರಣ ಪಡೆದು ಒಣಬಾಯಿ ಬಂದವರು ಮತ್ತೆ ಅಡಿಕೆಗೆ ಕೈ ಚಾಚುವುದು ಬಂದ ದಾರಿಯಲ್ಲೇ ಮರಳಿ ಹೋದಂತೆ. ನಿಂಬೆ, ಹುಣಸೆ, ಹುಳಿ ಪೆಪ್ಪರ್‌ಮಿಂಟು ಚೀಪುವವರಿಗೂ ಒಂದು ಮಾತು: ಹುಳಿಯನ್ನು ತಣಿಸುವ ಜೊಲ್ಲಿಲ್ಲದ ಬಾಯಲ್ಲಿ ಅದು ನೇರ ಹಲ್ಲನ್ನೇ ಕರಗಿಸುತ್ತದೆ. ಸಕ್ಕರೆಯಿಲ್ಲದ ಗಮ್ ಅಗಿಯುವುದು ಕ್ಷೇಮ.

ಮಾತ್ರೆ ಫಲ ಕೊಟ್ಟರೂ ಹಲ್ಲಿನ ಆರೈಕೆ ತಪ್ಪಬಾರದು. ಹೆಚ್ಚಿನ ಫ್ಲೋರೈಡ್ ಇರುವ ಪೇಸ್ಟನ್ನೋ ಜೆಲ್ಲನ್ನೋ ದಂತವೈದ್ಯರು ಬರೆದುಕೊಡುತ್ತಾರೆ. ಪಾವಗಡ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಎಂದರೆ ಹಲ್ಲು ಕೆಡಿಸಿದ, ಮೂಳೆ ಬಗ್ಗಿಸಿದ ಬೋರ್ ನೀರೇ ನೆನಪಿಗೆ ಬರುತ್ತದೆ, ಆ ಅಂಜಿಕೆಗೆ ಆಧಾರವಿದೆ. ಆದರೆ ಹುಟ್ಟಿದಾಗಿನಿಂದ ಹೊಟ್ಟೆಗೆ ಇಳಿಯುವ ನೀರು ಬೇರೆ, ಬೆಳೆದವರು ಹಲ್ಲಿಗೆ ಹಚ್ಚಿ ಉಗುಳುವ ಪೇಸ್ಟು ಬೇರೆ. ನುಂಗದಿದ್ದರೆ ಸಾಕು.

ವಿಕಿರಣದ ವಿಷಯದಲ್ಲಂತೂ ಗ್ರಂಥಿಯನ್ನು ಉಳಿಸುವುದು ಮಾತ್ರೆಗಿಂತ ಮೇಲು. ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹೊಂದಿಸುವ ಐಎಂಆರ್‌ಟಿ ವಿಧಾನವನ್ನು ಹಳೆಯ ವಿಧಾನದ ಜತೆ ಹೋಲಿಸಿ 2011ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ, ವರ್ಷದ ಕೊನೆಗೆ ಗಣನೀಯ ಒಣಬಾಯಿ ಉಳಿದವರು ಹಳೆಯ ವಿಧಾನದಲ್ಲಿ ನೂರಕ್ಕೆ 74, ಹೊಸದರಲ್ಲಿ 38. 1993ರ ಮಾತ್ರೆಯ ಪ್ರಯೋಗದಲ್ಲಿ ಕಂಡ ಅಂತರ ಇಷ್ಟಿರಲಿಲ್ಲ. ಕರೆಂಟ್ ಕೊಡಿಸುವ ಮೊದಲು, ಕೆನ್ನೆಯ ಗ್ರಂಥಿಯನ್ನು ಕಿರಣದಿಂದ ತಪ್ಪಿಸಲು ಸಾಧ್ಯವೇ ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ, ದಯವಿಟ್ಟು ಕೇಳಿ. ಈಗಾಗಲೇ ಒಣಬಾಯಿಯಿಂದ ಬಳಲುತ್ತಿರುವವರು ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ, ಕಣ್ಣಿನ ಹನಿಯನ್ನೂ, ಕೆಮ್ಮಿನ ಸಿರಪ್ಪನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿಯಿರಿ. ಹೊಸ ಚೀಟಿ ಬರೆಯುವುದು ಆಮೇಲೆ.